ಗಾಳಿಯ ತಕ್ಕಡಿ

ಮೊದಲ ದಿನವೇ ಹೇಳಿದರು ಗುರುಮಲ್ಲಪ್ಪ ಮೇಷ್ಟ್ರು:
ಚೆನ್ನಾಜಮ್ಮ, ಈ ಕೋಣೆಗೆ ಪೌಡರ್ ಬಳಿದುಕೊಂಡು ಬರಬೇಡಿ,
ಕೆನ್ನೆಗೆ ಅರಿಶಿನ ಬೇಡ, ಮುಡಿಗೆ ಹೂ ಬೇಡ,
ತಕ್ಕಡಿ ಮುಂದೆ ಉಸಿರು ಬಿಗಿಹಿಡಿಯಿರಿ.
ಇದೇನು ಸೂತಕದ ಮನೆಯೋ ಅಂದುಕೊಂಡೆ.
ಒಳಗೆ ಗಾಜಿನ ಪೆಟ್ಟಿಗೆ, ಪೆಟ್ಟಿಗೆಯೊಳಗೆ
ಪುಟ್ಟ ನಿಪ್ಪಟ್ಟಿನಷ್ಟಗಲದ ಬಿಳಿ ಕಾಗದ.

ಬೆಳಿಗ್ಗೆ ಆರಕ್ಕೆ ಅದನ್ನು ಡಬ್ಬಿಯಲ್ಲಿಟ್ಟುಕೊಂಡು
ಕಾಲೇಜಿನ ತಾರಸಿಗೆ ಎಪ್ಪತ್ತೆರಡು ಮೆಟ್ಟಿಲು.
ಚಿಮಟದಲ್ಲಿ ಎತ್ತಿ ಯಂತ್ರದ ಬಾಯಿಗೆ ಕೂರಿಸಿ ಬಂದರೆ
ಇಡೀ ಹಗಲು, ಇಡೀ ಇರುಳು ಅದು ಮಂಡ್ಯದ ಗಾಳಿ ಕುಡಿಯುತ್ತದೆ:
ಸಕ್ಕರೆ ಕಾರ್ಖಾನೆ ಕೊಳವೆಯ ಕರಿ,
ಹೆದ್ದಾರಿ ಲಾರಿಗಳ ಡೀಸೆಲ್ಲು,
ನಾಲೆಯಾಚೆ ಕಬ್ಬಿನ ತರಗು ಸುಟ್ಟ ಬೂದಿ,
ಯಾರದೋ ಮನೆಯ ಒಗ್ಗರಣೆ.
ಮಾರನೇ ದಿನ ಇಳಿಸಿದರೆ ಬೂದು ಬಣ್ಣ. ತೂಗಬೇಕು.
ಇಂದಿನದರಲ್ಲಿ ನಿನ್ನೆಯದನ್ನು ಕಳೆದರೆ
ಉಳಿಯುವುದೇ ನಾವು ನುಂಗಿದ್ದು, ಅಂದರು.
ಇಪ್ಪತ್ತಾರು ವರ್ಷ ಹೀಗೇ ಕಳೆದೆವು,
ಎರಡೂ ಅರ್ಥದಲ್ಲಿ.

ಒಂದು ಪುಷ್ಯ ಮಾಸ ಕಾಗದ ಮಸಿಯಾಗಿ ಇಳಿಯಿತು.
ಊರಿಗೇ ಬೆಂಕಿ ಬಿದ್ದಷ್ಟು ತೂಕ.
ಪಿಎಚ್‌ಡಿ ಹುಡುಗರು ಉತ್ತರದಿಂದ ತೇಲಿ ಬಂತೋ
ಕಡಲ ಕಡೆಯಿಂದಲೋ ಎಂದು
ಬಾಣದ ಗುರುತಿನ ನಕ್ಷೆ ಬಿಡಿಸಿದರು.
ಮೇಷ್ಟ್ರು ತಾರಸಿ ಹತ್ತಿ ಕೆಳಗೆ ಬಗ್ಗಿ ನೋಡಿದರು:
ಗೋಡೆಗೊರಗಿ ಅರ್ಧ ಸುಟ್ಟ ಸೈಕಲ್ ಟೈರು,
ಬೂದಿ ಪಕ್ಕ ಕಾವಲಿನ ಪಾಪಯ್ಯನ ಎಕ್ಕಡ.
ಬೈಯಲಿಲ್ಲ. ಅಂಕಿ ಅಳಿಸಲೂ ಇಲ್ಲ.
ಷರಾ ಕಾಲಂನಲ್ಲಿ ಬರೆದರು: ಪಾಪಯ್ಯನಿಗೆ ಚಳಿ.
ತಮ್ಮ ಉಣ್ಣೆ ಕೋಟು ಬಿಚ್ಚಿ ಕೊಟ್ಟರು
ಎಂದು ಹೇಳುವ ಆಸೆ ನನಗೆ. ಕೊಡಲಿಲ್ಲ.
ಕಂಬಳಿಗೆ ಅರ್ಜಿ ಹಾಕಿದರು.
ನಾಲ್ಕು ತಿಂಗಳಿಗೆ ಮಂಜೂರಾಯಿತು, ನಡುಬೇಸಗೆಯಲ್ಲಿ.

ನನ್ನ ತಮ್ಮ ನಿಂಗರಾಜ
ಹೊಳಲು ದಾರಿಯ ಆಲೆಮನೆಯಲ್ಲಿ ಒಲೆಗೆ ಉಣಿಸುವವನು.
ಮಳೆಗೆ ರಚ್ಚು ನೆನೆದರೆ ಹಳೇ ಟೈರು, ಹರಿದ ಚಪ್ಪಲಿ.
ಮೇಷ್ಟ್ರು ಯಂತ್ರ ಹೊತ್ತು ಬಂದರು. ಕೊಪ್ಪರಿಗೆ ಕುದಿಯುತ್ತಿತ್ತು.
ಯಜಮಾನ ಬಾಳೆಲೆ ಮೇಲೆ ಬಿಸಿ ಬೆಲ್ಲ ಇಟ್ಟು,
"ತಿನ್ನಿ ಸಾ, ಹೊಗೇನ ಏನ್ ಹೊತ್ಕೊಂಡ್ ಹೋದೀರಾ?" ಅಂದ.
"ಹೂಂ," ಅಂದರು ಮೇಷ್ಟ್ರು ಬೆರಳು ನೆಕ್ಕುತ್ತ, "ಒಂದು ಮಿಲಿಗ್ರಾಂ."
ವರದಿ ಹೋಯಿತು. ಆಫೀಸರು ಬಂದರು. ಬೀಗ ಬಿತ್ತು.
ತಮ್ಮ ಆರು ವಾರ ನನ್ನ ಜಗಲಿಯಲ್ಲಿ ಕೂತ.
ನಾನು ಆರು ವಾರ ಅವರೊಡನೆ ಮಾತು ಬಿಟ್ಟೆ,
ಕಾಗದ ಬದಲಿಸುವುದು ಮಾತ್ರ ಬಿಡಲಿಲ್ಲ.
ಅವರು ಭಾನುವಾರ ಭಾನುವಾರ ಹೋಗಿ
ಒಲೆಯ ಬಾಯಿ ಒಡೆಸಿ ಕಟ್ಟಿಸಿದರು,
ಕಬ್ಬಿಣದ ಜಾಲರಿ ಕೂರಿಸಿದರು,
ರಚ್ಚಿನ ರಾಶಿಗೆ ತಗಡಿನ ಸೂರು.
ಬೀಗ ತೆಗೆಯಿತು.
ಪಕ್ಕದ ಎರಡು ಆಲೆಮನೆಯವರು ಅವರ ಮೇಲೆ ನಾಯಿ ಬಿಟ್ಟರು, ಅದೂ ನಿಜ.
ತಮ್ಮನ ಕೆಮ್ಮು ಒಸಿ ಇಳಿಯಿತು.
ಅದನ್ನು ಯಾವ ಪತ್ರಿಕೆಯೂ ಅಚ್ಚು ಹಾಕಲಿಲ್ಲ.

ನಿವೃತ್ತಿಯ ದಿನ ಹಾರ, ಶಾಲು, ತಲೆಗೆ ದೊಡ್ಡದಾದ ಪೇಟ.
ಭಾಷಣ ಮುಗಿದ ಮೇಲೆ ತೂಕದ ಕೋಣೆಗೆ ಬಂದು
ನನ್ನ ಕೈಗೊಂದು ಡಬ್ಬಿ ಇಟ್ಟರು.
ಒಳಗೆ ಖಾಲಿ ಕಾಗದ.
ತಾರಸಿಗೆ ಹೋಗಿ, ಯಂತ್ರಕ್ಕೆ ಕೂರದೆ,
ಗಾಳಿ ಕುಡಿಯದೆ ವಾಪಸು ಬರುವಂಥದ್ದು;
ವಾರಕ್ಕೊಂದು ಕಳಿಸುತ್ತಿದ್ದೆವು, ನಮ್ಮದೇ ತಪ್ಪು ಹಿಡಿಯಲು.
"ಇದೂ ಮೂರು ಮೈಕ್ರೋಗ್ರಾಂ ಹೆಚ್ಚು ತೂಗಿತು, ಚೆನ್ನಾಜಮ್ಮ.
ಮೆಟ್ಟಿಲಿನದು, ನಿಮ್ಮ ಸೆರಗಿನದು, ನನ್ನ ಅವಸರದ್ದು.
ಸುಮ್ಮನೆ ಹೋಗಿ ಬಂದರೂ ಅಷ್ಟು ಅಂಟುತ್ತೆ."
ಪೇಟ ತೆಗೆದು ಕಂಕುಳಲ್ಲಿ ಇರುಕಿಕೊಂಡು
ಬಸ್ಸಿಗೆ ಹೊತ್ತಾಯಿತು ಎಂದು ಹೊರಟರು.

ಈಗಲೂ ಸಂತೆಯಲ್ಲಿ ಈರುಳ್ಳಿ ತೂಗುವಾಗ
ನನ್ನ ಉಸಿರು ತಾನೇ ನಿಲ್ಲುತ್ತದೆ.
"ಯಾಕವ್ವಾ, ನನ್ ತಕ್ಕಡಿ ಮ್ಯಾಲೆ ಅನುಮಾನ್ವಾ?"
ನಗುತ್ತಾನೆ ವ್ಯಾಪಾರಿ.
ಇಲ್ಲ ಕಣಪ್ಪ, ಅನ್ನಲು ಬಾಯಿ ತೆರೆಯುವುದಿಲ್ಲ ನಾನು,
ಮುಳ್ಳು ನಿಲ್ಲುವ ತನಕ.